ಕೃತಿ ಯಾರದು? ಚರಣದ ಕೊನೆಯವರೆಗೆ ಕೇಳಿ

ಪ್ರಶ್ನೆ: ನಮ್ಮ ಬಡಾವಣೆಯ ರಾಮೋತ್ಸವದ ಕಛೇರಿಯಲ್ಲಿ ‘ಬ್ರೋಚೇವಾರೆವರುರಾ’ ಹಾಡುವ ಮುನ್ನ ನಿರೂಪಕರು ಅದನ್ನು ತ್ಯಾಗರಾಜರ ಕೃತಿಯೆಂದು ಪರಿಚಯಿಸಿದರು. ಸಂಗೀತ ಕಲಿಯುತ್ತಿರುವ ನನ್ನ ಮಗಳು, ಅದು ಮೈಸೂರು ವಾಸುದೇವಾಚಾರ್ಯರದು ಎನ್ನುತ್ತಾಳೆ. ಯಾವುದು ಸರಿ? ಶಾಸ್ತ್ರ ತಿಳಿಯದ ನನ್ನಂಥವರು ಇದನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ಹಾಸನ

ಉತ್ತರ: ತಮ್ಮ ಮಗಳು ಹೇಳಿದ್ದೇ ಸರಿ. ಖಮಾಚ್ ರಾಗ, ಆದಿತಾಳದ ಆ ಕೃತಿ ವಾಸುದೇವಾಚಾರ್ಯರದು. ಗುರುತಿಸುವ ದಾರಿಯೂ ಕಷ್ಟದ್ದಲ್ಲ. ಸಾಹಿತ್ಯ, ಸಂಗೀತ ಎರಡನ್ನೂ ರಚಿಸುವ ನಮ್ಮ ವಾಗ್ಗೇಯಕಾರರಲ್ಲಿ ಬಹುಪಾಲು ಎಲ್ಲರೂ ತಮ್ಮ ಅಂಕಿತವನ್ನು, ಅಂದರೆ ಗುರುತಿನ ಹೆಸರನ್ನು, ಸಾಮಾನ್ಯವಾಗಿ ಕೃತಿಯ ಕೊನೆಯ ಭಾಗವಾದ ಚರಣದ ಕೊನೆಯ ಸಾಲುಗಳಲ್ಲಿ ಇರಿಸುತ್ತಾರೆ. ತ್ಯಾಗರಾಜರು ತಮ್ಮ ಹೆಸರನ್ನೇ ಬಳಸಿದರು. ಮುತ್ತುಸ್ವಾಮಿ ದೀಕ್ಷಿತರದು ‘ಗುರುಗುಹ’, ಶ್ಯಾಮಾಶಾಸ್ತ್ರಿಗಳದು ‘ಶ್ಯಾಮಕೃಷ್ಣ’, ಮುತ್ತಯ್ಯ ಭಾಗವತರದು ‘ಹರಿಕೇಶ’. ಈ ಕೃತಿಯ ಚರಣದಲ್ಲಿ, ಗಜರಾಜನನ್ನು ಕಾಪಾಡಿದ ‘ವಾಸುದೇವುಡವು ನೀವು ಕದಾ’ ಎಂಬ ಮಾತು ಬರುತ್ತದೆ. ಸ್ವಾಮಿಯನ್ನು ಕರೆಯುವ ಮಾತಿನಲ್ಲಿಯೇ ಕವಿಯ ಹೆಸರೂ ಸೇರಿಕೊಂಡಿರುವುದರಿಂದ ಗಮನವಿಟ್ಟು ಕೇಳದಿದ್ದರೆ ಅದು ಅಂಕಿತವೆಂದು ಹೊಳೆಯುವುದೇ ಇಲ್ಲ. ಅಂಕಿತವನ್ನು ಅರ್ಥದೊಳಗೆ ಹೀಗೆ ಹೆಣೆಯುವುದು ದೊಡ್ಡ ರಚನಕಾರರ ಲಕ್ಷಣವೆಂದೇ ನಾನು ತಿಳಿದಿದ್ದೇನೆ.

ನಿರೂಪಕರ ತಪ್ಪಿಗೂ ಕಾರಣವಿಲ್ಲದಿಲ್ಲ. ತ್ಯಾಗರಾಜರ ಕೃತಿಗಳಂತೆ ಇದೂ ತೆಲುಗಿನದು, ಇದರಲ್ಲೂ ರಾಮನಿಗೆ ಮೊರೆ. ಅಷ್ಟೇ ಅಲ್ಲ, ಈ ಚರಣ ‘ಸೀತಾಪತೇ’ ಎಂದು ಆರಂಭವಾಗುತ್ತದೆ. ತ್ಯಾಗರಾಜರು ಇದೇ ಖಮಾಚ್ ರಾಗದಲ್ಲಿ ‘ಸೀತಾಪತೇ’ ಎಂದೇ ಆರಂಭವಾಗುವ ಪ್ರತ್ಯೇಕ ಕೃತಿಯನ್ನು ರಚಿಸಿದ್ದಾರೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ತ್ಯಾಗರಾಜರ ಖಮಾಚ್ ಕೈಶಿಕಿ ನಿಷಾದವನ್ನು (‘ನಿ’ ಸ್ವರದ ತಗ್ಗಿನ ರೂಪ) ಬಿಟ್ಟು ಹೋಗುವುದಿಲ್ಲವೆಂಬುದು ಸಂಪ್ರದಾಯಜ್ಞರ ಅಭಿಪ್ರಾಯ. ವಾಸುದೇವಾಚಾರ್ಯರ ಕೃತಿಯಲ್ಲಿಯಾದರೋ ಮೇಲಿನ ಷಡ್ಜದ (‘ಸ’ ಸ್ವರ) ಬಳಿ ಕಾಕಲಿ ನಿಷಾದವೂ (‘ನಿ’ ಸ್ವರದ ಎತ್ತರದ ರೂಪ) ಸುಳಿದು, ರಾಗಕ್ಕೆ ಬೇರೊಂದು ಮೆರುಗು ಬರುತ್ತದೆ. ಅದರ ಚಿಟ್ಟೆಸ್ವರವಂತೂ (ಕೃತಿಯೊಂದಿಗೆ ಹಾಡುವ ಸಿದ್ಧ ಸ್ವರಗುಚ್ಛ) ಎಷ್ಟು ಪ್ರಿಯವೆಂದರೆ, ಸಾಹಿತ್ಯ ಮರೆತವರೂ ಸ್ವರಗಳನ್ನು ಗುನುಗುತ್ತಾರೆ.

ಇವೆರಡರ ನಡುವೆ ಹೋಲಿಕೆ ಇರುವುದು ಆಕಸ್ಮಿಕವೂ ಅಲ್ಲ. 1865ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಾಸುದೇವಾಚಾರ್ಯರು ವೀಣೆ ಪದ್ಮನಾಭಯ್ಯನವರಲ್ಲಿ ಪಾಠ ಆರಂಭಿಸಿ, ಸಂಸ್ಕೃತವನ್ನೂ ಓದಿ, ಚಾಮರಾಜ ಒಡೆಯರ ಆಶ್ರಯದಿಂದ ತಿರುವಯ್ಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರಾದರು. ಆ ಗುರುಗಳಿಗೆ ವಿದ್ಯೆ ಬಂದದ್ದು ತ್ಯಾಗರಾಜರ ನೇರ ಶಿಷ್ಯರಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರಿಂದ. ತ್ಯಾಗರಾಜರು ನೆಲೆಸಿದ್ದ ಊರಿನಲ್ಲಿಯೇ, ಅವರ ಪರಂಪರೆಯಲ್ಲಿಯೇ ಕಲಿತವರ ರಚನೆಯಲ್ಲಿ ಆ ಮನೆತನದ ಚಹರೆ ಕಾಣುವುದು ಸಹಜ. ಆದರೆ ಅದೇ ಕಾರಣಕ್ಕೆ ಮೈಸೂರು ಆಸ್ಥಾನದ ಈ ವಿದ್ವಾಂಸರ ಹೆಸರು ನಮ್ಮ ನೆಲದಲ್ಲಿಯೇ ಅಳಿಸಿಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಅವರು ಇಳಿವಯಸ್ಸಿನಲ್ಲಿ ಮದರಾಸಿನ ನೃತ್ಯ-ಸಂಗೀತ ಸಂಸ್ಥೆಯಾದ ಕಲಾಕ್ಷೇತ್ರಕ್ಕೆ ಹೋಗಿ ಅಲ್ಲಿನ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಸಂಯೋಜಿಸಿದರು, 1961ರಲ್ಲಿ ನಿಧನರಾದರು. ತಾವು ಕಂಡ ಹಿರಿಯ ವಿದ್ವಾಂಸರನ್ನು ಕುರಿತು ಅವರು ಕನ್ನಡದಲ್ಲಿ ಬರೆದ ‘ನಾ ಕಂಡ ಕಲಾವಿದರು’ ಪುಸ್ತಕವನ್ನು ತಮ್ಮ ಮಗಳಿಗೆ ತಪ್ಪದೆ ಓದಿಸಿ.

ಒಂದು ಎಚ್ಚರಿಕೆ: ಅಂಕಿತವೊಂದನ್ನೇ ನಂಬಿ ತೀರ್ಮಾನಿಸಬಾರದು. ‘ವಾಸುದೇವ’ ಎಂಬುದು ದೇವರ ಹೆಸರೂ ಆದ್ದರಿಂದ ಬೇರೆಯವರ ಕೃತಿಗಳಲ್ಲಿಯೂ ಬರಬಹುದು. ಸಂದೇಹವಿದ್ದಲ್ಲಿ ಕಛೇರಿ ಮುಗಿದ ಮೇಲೆ ಹಾಡಿದವರನ್ನೇ ಕೇಳಿ. ಅವರು ಸಂತೋಷದಿಂದಲೇ ಹೇಳುತ್ತಾರೆ.

ಪ್ರಶ್ನೆ: ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರು ಹಾಸನ ಜಿಲ್ಲೆಯವರೆಂಬುದು ನಿಜವೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಜ. ಅವರು 1920ರಲ್ಲಿ ಅರಕಲಗೂಡು ತಾಲ್ಲೂಕಿನ, ಕಾವೇರಿ ತೀರದ ರುದ್ರಪಟ್ಟಣದಲ್ಲಿ ಜನಿಸಿದರು. ಹೆಸರಿನ ಮೊದಲ ಅಕ್ಷರ ಆ ಊರಿನದೇ. ಪಿಟೀಲು ವಿದ್ವಾಂಸರಾದ ಆರ್.ಕೆ. ವೆಂಕಟರಾಮಾಶಾಸ್ತ್ರಿಗಳು ಅವರ ಅಣ್ಣ. ಆಕಾಶವಾಣಿಯಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದ ಶ್ರೀಕಂಠನ್ ಅವರಿಗೆ 1995ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು, 2011ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದವು. ಸಾಹಿತ್ಯದ ಒಂದಕ್ಷರವೂ ನುಂಗಿಹೋಗದ ಅವರ ಉಚ್ಚಾರಣೆಯನ್ನು ಕೇಳಿದರೆ, ಮೇಲೆ ಹೇಳಿದ ಅಂಕಿತವನ್ನು ಹಿಡಿಯುವುದು ಯಾರಿಗೂ ಸುಲಭ.