ಟಾಮಿ ಕೋನೊ ಯಾರು? ಭಾರ ಎತ್ತೋದು ಬಿಟ್ಟ ಮೇಲೆ ಏನು ಮಾಡಿದರು?

ಜಪಾನಿ ಮೂಲದ ಅಮೆರಿಕನ್ ವೇಟ್‌ಲಿಫ್ಟರ್. ಹುಟ್ಟಿದ್ದು 1930ರಲ್ಲಿ, ಸ್ಯಾಕ್ರಮೆಂಟೊದಲ್ಲಿ. ಚಿಕ್ಕಂದಿನಲ್ಲಿ ಆಸ್ತಮಾ, ಕಡ್ಡಿಯಂಥ ಮೈ. ಎರಡನೇ ಮಹಾಯುದ್ಧದ ಹೊತ್ತಿಗೆ, ಜಪಾನಿ ಮೂಲದವರು ಅನ್ನೋ ಕಾರಣಕ್ಕೆ, ಅಮೆರಿಕ ಸರ್ಕಾರ ಇವರ ಕುಟುಂಬವನ್ನು ಟೂಲಿ ಲೇಕ್ ಬಂಧನ ಶಿಬಿರದಲ್ಲಿ ಕೂಡಿಹಾಕಿತು. ಭಾರ ಎತ್ತೋದು ಕಲಿತದ್ದು ಅಲ್ಲೇ, ಮುಳ್ಳುತಂತಿಯ ಒಳಗೆ! ಅಲ್ಲಿನ ಒಣ ಗಾಳಿಗೆ ಉಸಿರಾಟವೂ ಸುಧಾರಿಸಿತು.

ಮುಂದೆ ಅದೇ ದೇಶಕ್ಕೆ 1952, 1956ರ ಒಲಿಂಪಿಕ್ಸ್‌ನಲ್ಲಿ ಚಿನ್ನ, 1960ರಲ್ಲಿ ಬೆಳ್ಳಿ ತಂದರು. ಮೂರೂ ಬೇರೆ ಬೇರೆ ತೂಕದ ವಿಭಾಗದಲ್ಲಿ! ನನಗೆ ಜಾಸ್ತಿ ಅಚ್ಚರಿ ಇದೇ. ತಂಡಕ್ಕೆ ಎಲ್ಲಿ ಬೇಕೋ ಅಲ್ಲಿಗೆ ಮೈತೂಕ ಏರಿಸಿ, ಇಳಿಸಿ ಸ್ಪರ್ಧೆಗೆ ನಿಲ್ಲುತ್ತಿದ್ದರು. ಸುಮ್ನೆ ಆಗೋ ಕೆಲಸ ಅಲ್ಲ, ಅಲ್ವಾ?

ಆಮೇಲೆ ಒಲಿಂಪಿಕ್ ಕೋಚ್ ಆದರು: 1968ರಲ್ಲಿ ಮೆಕ್ಸಿಕೊ ತಂಡಕ್ಕೆ, 1972ರಲ್ಲಿ ಪಶ್ಚಿಮ ಜರ್ಮನಿ ತಂಡಕ್ಕೆ, 1976ರಲ್ಲಿ ಅಮೆರಿಕ ತಂಡಕ್ಕೆ. ಹವಾಯಿಯ ಹೊನೊಲುಲು ನಗರಾಡಳಿತದ ಉದ್ಯಾನ, ಮನರಂಜನೆ ಇಲಾಖೆಯಲ್ಲೂ ವರ್ಷಗಟ್ಟಲೆ ದುಡಿದರು. 2016ರಲ್ಲಿ ಅಲ್ಲೇ ತೀರಿಕೊಂಡರು.