ಹಿಕ್ಕೆಯ ಡಿಎನ್‌ಎಯಿಂದ ಹುಲಿ ಸಂರಕ್ಷಣೆಗೆ ಏನು ಉಪಯೋಗ?

ಸತ್ಯಮಂಗಲದ ಕಡೆಯ ತಾಳವಾಡಿಯ ಕಾಡುದಾರಿಯಲ್ಲಿ ಬಿದ್ದ ಹಿಕ್ಕೆ ಹುಲಿಯದೋ ಚಿರತೆಯದೋ ಎಂದು ಕಣ್ಣಳತೆಯಲ್ಲಿ ಹೇಳಹೊರಟರೆ ಎಷ್ಟೋ ಸಲ ತಪ್ಪುತ್ತದೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯದ ಡಿಎನ್‌ಎ ಜಾತಿಯನ್ನು ಹೇಳುತ್ತದೆ. ಮೈಕ್ರೋಸ್ಯಾಟಲೈಟ್ ಎಂಬ ಗುರುತುಗಳು, ಅಂದರೆ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳು, ಅದು ಯಾವ ಹುಲಿ ಎಂಬುದನ್ನೇ ಹೇಳುತ್ತವೆ.

ಎಲ್ಲ ನಿಂತಿರುವುದು ಮಾದರಿ ತೆಗೆಯುವುದರ ಮೇಲೆ. ಹುಲಿಯ ಕರುಳಿನಿಂದ ಉದುರಿದ ಜೀವಕೋಶಗಳು ಹಿಕ್ಕೆಯ ಹೊರಮೈಗೆ ಲೋಳೆಯಂತೆ ಅಂಟಿರುತ್ತವೆ. ಒಳಗಿನ ಕೂದಲು, ಮೂಳೆಚೂರು ಬೇಟೆಯವು. ಅಲ್ಲಿ ಕೆದಕಿದರೆ ಕಡವೆಯ ಡಿಎನ್‌ಎ ಕೈಗೆ ಬರುತ್ತದೆ. ಅರಣ್ಯ ಇಲಾಖೆಯ ಅನುಮತಿ ಇರಲೇಬೇಕು. ಪ್ರತಿ ಹಿಕ್ಕೆಗೂ ಹೊಸ ಕೈಗವಸು, ಹೊಸ ಕಡ್ಡಿ ಬಳಸಿ ಹೊರಪದರವನ್ನಷ್ಟೇ ಕೆರೆದು, ಗಾಢ ಎಥನಾಲ್‌ನಲ್ಲೋ ಸಿಲಿಕಾ ಜೆಲ್‌ನಲ್ಲೋ ಇಡಬೇಕು. ಹಸಿಯಾಗಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಸ್ಟು ಹಿಡಿದು ಕೆಡುತ್ತದೆ.

ಬಿಸಿಲು, ಮಳೆಗೆ ಡಿಎನ್‌ಎ ತುಂಡುತುಂಡಾಗುತ್ತದೆ. ಆಗ ಒಂದು ಗುರುತಿಗೆ ತಂದೆತಾಯಿಯಿಂದ ಬಂದ ಎರಡು ರೂಪಗಳಲ್ಲಿ ಒಂದು, ಡಿಎನ್‌ಎಯ ನಕಲು ಹೆಚ್ಚಿಸುವ ಪಿಸಿಆರ್ ವಿಧಾನದಲ್ಲಿ ಕಾಣದೆ ಹೋಗಿ, ಒಂದೇ ಹುಲಿ ಎರಡಾಗಿ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಪ್ರತಿ ಗುರುತನ್ನೂ ಕನಿಷ್ಠ 3 ಸಲ ಓದಬೇಕು. ಗುರುತುಗಳು ತೀರಾ ಕಡಿಮೆಯಾದರೆ ಇದರ ತಿರುವುಮುರುವು: ಒಡಹುಟ್ಟಿದ ಎರಡು ಹುಲಿ ಒಂದೇ ಆಗಿಬಿಡುತ್ತವೆ.

ಸತ್ಯಮಂಗಲದ ಕಡೆ ಸಿಕ್ಕ ಹುಲಿಯೇ ಬಿಳಿಗಿರಿರಂಗನ ಬೆಟ್ಟದಲ್ಲೂ ಸಿಕ್ಕರೆ, ನಡುವಿನ ಕಾಡುಪಟ್ಟಿಯಲ್ಲಿ ಓಡಾಟವಿದೆ ಎಂದು ರುಜುವಾತಾಯಿತು. ಆ ಪಟ್ಟಿಗೆ ಬೇಲಿ, ರಸ್ತೆ ಬರದಂತೆ ತಡೆಯಲು ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ.