ಕಾಡುದಾರಿಯಲ್ಲಿ ಕುದುರೆ ಸವಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆರು ತಿಂಗಳಿನಿಂದ ಬೇಲಿ ಹಾಕಿದ ಮೈದಾನದಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದೇನೆ. ಬರುವ ತಿಂಗಳು ತಂಡದೊಂದಿಗೆ ಕಾಡಿನ ದಾರಿಯಲ್ಲಿ ಎರಡು ಗಂಟೆಯ ಸವಾರಿಗೆ ಹೊರಡಲಿದ್ದೇನೆ. ಮೈದಾನದಲ್ಲಿ ಹೇಳಿದ ಮಾತು ಕೇಳುವ ಕುದುರೆಯೂ ಕಾಡಿನಲ್ಲಿ ನೆರಳು ಬಿದ್ದ ಕಡೆ ಥಟ್ಟನೆ ನಿಂತುಬಿಡುತ್ತದೆ ಎನ್ನುತ್ತಾರೆ. ಅದೇಕೆ? ಏರು, ಇಳಿಜಾರುಗಳಲ್ಲಿ ಹೇಗೆ ಕೂರಬೇಕು?

ಉತ್ತರ: ಅದನ್ನು ಹಟವೆಂದು ತಿಳಿಯಬೇಡಿ, ಕುದುರೆಯ ಕಣ್ಣಿನ ರಚನೆಯೇ ಹಾಗಿದೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಸುಮಾರು 350 ಡಿಗ್ರಿಯಷ್ಟು ನೋಟ ದಕ್ಕುತ್ತದೆಯಾದರೂ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಮತ್ತು ಬಾಲದ ಹಿಂದೆ ಇರುವುದು ಕಾಣುವುದಿಲ್ಲ. ಮೇಲಾಗಿ, ಬಿಸಿಲಿನಿಂದ ಮರಗಳ ಕತ್ತಲೆಗೆ ಹೊಕ್ಕಾಗ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ದಾರಿಗೆ ಅಡ್ಡ ಬಿದ್ದ ನೆರಳು ನಿಮಗೆ ನೆರಳು. ಕುದುರೆಗೆ ಅದು ಹಳ್ಳವೂ ಆಗಿರಬಹುದು. ಹೊಸ ಸವಾರರು ಇಂಥ ಕಡೆ ಹೆದರಿ ಲಗಾಮನ್ನು ಬಿಗಿಯಾಗಿ ಎಳೆದುಕೊಂಡು, ಅದೇ ಹೊತ್ತಿಗೆ ಹಿಮ್ಮಡಿಯಿಂದ ಒದ್ದು ಮುಂದೆ ಹೋಗೆನ್ನುತ್ತಾರೆ. ಎರಡು ಆಜ್ಞೆಗಳೂ ಒಂದಕ್ಕೊಂದು ವಿರುದ್ಧ. ಲಗಾಮನ್ನು ಒಂದು ಗೇಣು ಸಡಿಲಿಸಿ. ಕುದುರೆ ತಲೆ ತಗ್ಗಿಸಿ, ಮೂಸಿ, ನೋಡಿಕೊಂಡು ತಾನಾಗಿ ಹೆಜ್ಜೆಯಿಡುತ್ತದೆ.

ಏರು ಬಂದಾಗ ಸೊಂಟದಿಂದ ಮುಂದಕ್ಕೆ ಬಾಗಿ, ಆಧಾರ ಬೇಕೆನಿಸಿದರೆ ಕುದುರೆಯ ಕತ್ತಿನ ಕೂದಲನ್ನು ಹಿಡಿದುಕೊಳ್ಳಿ, ಲಗಾಮಿಗೆ ಜೋತುಬೀಳಬೇಡಿ. ಇಳಿಜಾರಿನಲ್ಲಿ ಹಿಂದಕ್ಕೆ ಒರಗಿ ಕೂರಬೇಕೆಂದು ಕೆಲವರು ಈಗಲೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಅದರಿಂದ ಭಾರವೆಲ್ಲ ಕುದುರೆಯ ಸೊಂಟದ ಮೇಲೆ ಬಿದ್ದು ಅದರ ಹಿಂಗಾಲುಗಳಿಗೆ ಅಡ್ಡಿಯಾಗುತ್ತದೆ. ಪಕ್ಕದ ಮರಗಳನ್ನು ನೋಡಿ: ನೆಲ ಎಷ್ಟೇ ಓರೆಯಾಗಿದ್ದರೂ ಅವು ನೆಟ್ಟಗೆ ನಿಂತಿರುತ್ತವೆ. ನಿಮ್ಮ ಬೆನ್ನೂ ಅವುಗಳ ಸಾಲಿಗೆ ಸೇರಿರಲಿ. ಹೊರಟ ಹತ್ತು ಹದಿನೈದು ನಿಮಿಷಕ್ಕೆ ಜೀನಿನ ಹೊಟ್ಟೆಪಟ್ಟಿಯನ್ನು ಮತ್ತೊಮ್ಮೆ ಬಿಗಿಗೊಳಿಸುವುದನ್ನು ಮರೆಯಬೇಡಿ. ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿದ್ದರೆ ಆ ಪಟ್ಟಿ ಈಗ ಸಡಿಲವಾಗಿರುತ್ತದೆ.

ಪ್ರಶ್ನೆ: ಸಾಲಾಗಿ ಹೋಗುವಾಗ ಮುಂದಿನ ಕುದುರೆಯಿಂದ ಎಷ್ಟು ದೂರವಿರಬೇಕು? ತೊರೆ ದಾಟುವಾಗ ಎಚ್ಚರಿಕೆ ಏನು?

ಉತ್ತರ: ಕನಿಷ್ಠ ಒಂದು ಕುದುರೆಯ ಉದ್ದ, ಅಂದರೆ ಸುಮಾರು ಎರಡೂವರೆ ಮೀಟರ್. ಅಳತೆಗೋಲು ನಿಮ್ಮ ಕಣ್ಣೆದುರಿಗೇ ಇದೆ: ನಿಮ್ಮ ಕುದುರೆಯ ಎರಡು ಕಿವಿಗಳ ನಡುವಿನಿಂದ ನೋಡಿದಾಗ ಮುಂದಿನ ಕುದುರೆಯ ಹಿಂಗಾಲಿನ ಗೊರಸುಗಳು ಕಾಣುತ್ತಿರಬೇಕು. ಮುಂದಿನದು ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡರೆ ಅದಕ್ಕೆ ಸಿಟ್ಟು ಬಂದಿದೆಯೆಂದು ತಿಳಿದು ಇನ್ನಷ್ಟು ಹಿಂದೆ ಉಳಿಯಿರಿ. ಅಡ್ಡ ಬಂದ ಕೊಂಬೆಯನ್ನು ಕೈಯಿಂದ ಸರಿಸಿ ಬಿಟ್ಟರೆ ಅದು ಹಿಂದೆ ಬರುವವರ ಮುಖಕ್ಕೆ ಚಾಟಿಯಂತೆ ಬಡಿಯುತ್ತದೆ. ಕುದುರೆಯ ಕತ್ತಿನ ಮೇಲೆ ಬಾಗಿ ದಾಟುವುದೇ ಸರಿ.

ತೊರೆಯಲ್ಲಿ ಕುದುರೆ ನೀರು ಕುಡಿಯಲಿ. ಆದರೆ ಅದು ಮುಂಗಾಲಿನಿಂದ ನೀರನ್ನು ಕೆರೆಯತೊಡಗಿದರೆ ಆಟವೆಂದು ನೋಡುತ್ತ ಕೂರಬೇಡಿ; ಅದು ಹೊರಳಾಡಲು ಮಲಗುವ ಮುನ್ಸೂಚನೆ. ತಕ್ಷಣ ಮುಂದಕ್ಕೆ ನಡೆಸಿ, ಇಲ್ಲವಾದರೆ ಜೀನಿನೊಂದಿಗೆ ನಿಮಗೂ ಸ್ನಾನವಾಗುತ್ತದೆ.

ಪ್ರಶ್ನೆ: ವಿಶ್ರಾಂತಿಗೆ ಇಳಿದಾಗ ಲಗಾಮನ್ನೇ ಮರಕ್ಕೆ ಕಟ್ಟಬಹುದೇ?

ಉತ್ತರ: ಕೂಡದು. ಬೆದರಿದ ಕುದುರೆ ಹಿಂದಕ್ಕೆ ಜಗ್ಗಿದರೆ ಕಡಿವಾಣ ಅದರ ಬಾಯನ್ನು ಸೀಳುತ್ತದೆ. ಕಡಿವಾಣವಿಲ್ಲದ ತಲೆಪಟ್ಟಿಗೆ ಬೇರೆ ಹಗ್ಗ ಹಾಕಿ, ಕುದುರೆಯ ಹೆಗಲಿನ ಎತ್ತರದಲ್ಲಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟಿನಿಂದ ಕಟ್ಟಿ. ಅದಕ್ಕೂ ಮೊದಲು ಬಾಯಿಗೆ ಎಟಕುವ ಗಿಡ ಯಾವುದೆಂದು ನೋಡಿ. ಕಣಗಿಲೆಯ ಕೆಲವೇ ಎಲೆಗಳು ಕುದುರೆಯ ಪ್ರಾಣ ತೆಗೆಯಬಲ್ಲವು, ತಿಂದದ್ದನ್ನು ವಾಂತಿ ಮಾಡಲು ಅದಕ್ಕೆ ಸಾಧ್ಯವೇ ಇಲ್ಲ.